ಮರಿಜೇಡ ಪೊರೆ ಬಿಟ್ಟ ಮಧ್ಯಾಹ್ನ

ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಆಕೆಯನ್ನು ಜೊತೆಯವರು ‘ಗಡಿಯಾರದ ಸಿಸ್ಟರ್’ ಎಂದು ಕರೆಯುತ್ತಿದ್ದರು. ಮೊದಲ ನೋವು ಕಾಣಿಸಿದ ಗಳಿಗೆಯನ್ನು ಹಾಳೆಯ ನೆತ್ತಿಯಲ್ಲಿ ಬರೆದು, ಅಲ್ಲಿಂದ ಕಾಲು ಗಂಟೆಗೊಂದು ಗೆರೆ ಎಳೆಯುತ್ತ, ಗೆರೆಗಳು ಮಿತಿ ಮೀರಿದೊಡನೆ ವೈದ್ಯರ ಬಾಗಿಲು ಬಡಿಯುವುದು ಅವಳ ಪದ್ಧತಿ. ಆ ಪದ್ಧತಿಯಿಂದ ಉಳಿದ ಜೀವಗಳು ಎಷ್ಟೋ. ದೇವರು ಕೆಲವರಿಗೆ ಕರುಣೆಯನ್ನು ಕಣ್ಣಿನಲ್ಲಿ ಇಡುತ್ತಾನೆ, ಕೆಲವರಿಗೆ ನಾಲಗೆಯಲ್ಲಿ. ಆಕೆಗೆ ಇಟ್ಟದ್ದು ಬೆರಳುಗಳಲ್ಲಿ. ನಿವೃತ್ತಿಯ ತರುವಾಯ ಆ ಬೆರಳುಗಳು ಕೆಲಸವಿಲ್ಲದೆ, ಮಡಿಸಿದ ದಿಂಬಿನ ಚೀಲಗಳನ್ನೇ ಮತ್ತೆ ಮಡಿಸುತ್ತಿದ್ದವು.

ಅಂಥ ದಿನಗಳಲ್ಲಿ, ತೀರಿಹೋದ ತಂಗಿಯ ಮಗಳು ಬಂದು ಗಾಜಿನಂತೆ ತಿಳಿಯಾದ ಡಬ್ಬಿಯೊಂದನ್ನು ಊಟದ ಮೇಜಿನ ಮೇಲಿಟ್ಟಳು. ಒಳಗೆ ತೆಂಗಿನ ನಾರಿನ ಪುಡಿ, ಬಾಟಲಿಯ ಮುಚ್ಚಳದಲ್ಲಿ ನೀರು, ತೊಗಟೆಯ ಚೂರು; ಅದರ ನೆರಳಿನಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ, ಮೈತುಂಬ ರೋಮವಿದ್ದ ಜೇಡದ ಮರಿ. ಟರಾಂಟುಲಾ. ಹುಡುಗಿ ಭೂಮಾಪನದ ಕೆಲಸದವಳು. ಹತ್ತು ದಿನ ಫೋನೂ ಸಿಗದ ಬೆಟ್ಟದ ಮಗ್ಗುಲಿಗೆ ಅಳತೆಗೆ ಹೊರಟಿದ್ದಳು.

“ದೊಡ್ಡಮ್ಮ, ಇದು ಎರಡು ವಾರದಿಂದ ಏನೂ ತಿಂದಿಲ್ಲ. ಪೊರೆ ಬಿಡೋ ಲಕ್ಷಣ. ಅಂಗಾತ ಮಲಗುತ್ತೆ, ಸತ್ತೋಯ್ತು ಅಂದ್ಕೋಬೇಡ. ಏನೇ ಆದ್ರೂ ಮುಟ್ಟಬೇಡ.”

“ಎಷ್ಟು ಹೊತ್ತು ಹಿಡಿಯುತ್ತೆ?”

“ದೊಡ್ಡದಾದ್ರೆ ದಿನಪೂರ್ತಿ ಆದ್ರೂ ಆಯ್ತು. ಇದಿನ್ನೂ ಮರಿ. ಅರ್ಧ ಗಂಟೆ, ಹೆಚ್ಚೆಂದ್ರೆ ಎರಡು ಗಂಟೆ.”

“ಪರವಾಗಿಲ್ವೇ! ಬಟ್ಟೆ ಬದಲಾಯಿಸೋಕೆ ನಿನ್ನ ದೊಡ್ಡಮ್ಮಂಗೆ ಇದಕ್ಕಿಂತ ಜಾಸ್ತಿ ಬೇಕು,” ಎಂದ ದೊಡ್ಡಪ್ಪ, ಬಸ್ಸು ಓಡಿಸಿ ನಿವೃತ್ತನಾದವನು.

ಹುಡುಗಿ ನಕ್ಕಳು. ದೊಡ್ಡಮ್ಮನಿಗೆ ನಗು ಬರಲಿಲ್ಲ. ತಾಯಿ ಹೋದಂದಿನಿಂದ ಈ ಮಗು ತನ್ನ ಕೋಣೆಯ ಬೀಗದ ಕೈಯನ್ನು ಸಹ ಯಾರ ವಶಕ್ಕೂ ಕೊಟ್ಟವಳಲ್ಲ. ಈಗ ಜೀವವೊಂದನ್ನು ತಂದು ತನ್ನ ಮುಂದಿಟ್ಟಿದ್ದಾಳೆ. ಈ ನಂಬಿಕೆ ಒಡೆದರೆ ಅವಳು ಮತ್ತೆ ಈ ಹೊಸ್ತಿಲು ತುಳಿಯುವುದು ನೆಂಟರಂತೆ ಮಾತ್ರ ಎಂಬುದು ಆಕೆಗೆ ತಿಳಿದಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಮರಿ ಬಿಳಿಯ ನೂಲಿನ ಹಾಸನ್ನು ನೇಯ್ದು, ಅದರ ಮೇಲೆ ಅಂಗಾತ ಮಲಗಿತು. ಆಕೆ ಹಾಳೆ ತೆಗೆದು ನೆತ್ತಿಯಲ್ಲಿ ‘೧-೨೦’ ಎಂದು ಬರೆದಳು. ಕಾಲು ಗಂಟೆಗೊಂದು ಗೆರೆ. ಎಂಟು ಗೆರೆ ತುಂಬಿದಾಗ ತಲೆಯ ಮೇಲಿನ ಚಿಪ್ಪು ಎದ್ದಿತ್ತು, ಹೊಟ್ಟೆಯ ಹೊದಿಕೆ ಬಿರಿದಿತ್ತು. ಕಾಲುಗಳು ಮಾತ್ರ ಹಳೆಯ ಪೊರೆಯೊಳಗೇ ಇದ್ದವು. ಫೋನು ಮಾಡಿದಳು, ಸಿಗಲಿಲ್ಲ.

“ರೀ, ಎರಡು ಗಂಟೆ ಆಗೋಯ್ತು.”

“ಆದ್ರೇನೇ? ಟೈಮಿಗೆ ಸರಿಯಾಗಿ ಬಿಡೋಕೆ ಅದೇನು ಬಸ್ಸಾ?”

“ಸಿಕ್ಕಿಹಾಕ್ಕೊಂಡಿದೆ. ಹೀಗೇ ಬಿಟ್ರೆ ಉಳಿಯಲ್ಲ.”

“ಮುಟ್ಟಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ ಹುಡುಗಿ.”

“ಸ್ಟೇರಿಂಗ್ ಹಿಡಿದೋರಿಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ.”

ಚಿಮುಟವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದಳು. ಪೊರೆಯ ಅಂಚನ್ನು ಹಿಡಿದು, ಎಳೆದಳೆನ್ನಲೂ ಆಗದಷ್ಟು ಮೆಲ್ಲಗೆ ಎಳೆದಳು. ಪೊರೆ ಜರುಗಿತು, ಅದರೊಡನೆ ನೆನೆದ ದಾರದಂತಹ ಕಾಲೊಂದು ಬುಡಸಮೇತ ಕಿತ್ತು ಬಂದಿತು. ಕಿತ್ತಲ್ಲಿ ತಿಳಿನೀರಿನ ಹನಿಯೊಂದು ಮೂಡಿತು. ಮರಿ ನಿಶ್ಚಲವಾಯಿತು.

ಆಕೆ ಚಿಮುಟವನ್ನು ಕೆಳಗಿಟ್ಟು, ಮುಚ್ಚಳ ಹಾಕಿ, ಎರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕುಳಿತಳು. ಬಹಳ ಹೊತ್ತಿನ ಮೇಲೆ ಮರಿಯ ಮೈ ಒಮ್ಮೆ ಹಿಗ್ಗಿ ಕುಗ್ಗಿತು. ಮತ್ತೊಮ್ಮೆ. ಯಾರ ಹಂಗೂ ಇಲ್ಲದೆ, ಉಳಿದ ಏಳು ಕಾಲುಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಈಚೆಗೆ ಬಂದವು. ನಾಲ್ಕೂವರೆಗೆ ಮರಿ ಬೇರೆ, ಪೊರೆ ಬೇರೆ.

ಆಗ ಹಾಳೆಯನ್ನು ನೋಡಿದಳು. ಅಂಚಿನಲ್ಲಿ ಅವಳದೇ ಅಕ್ಷರ: ‘೨-೫೫, ಚಿಪ್ಪು ಬಿರಿಯಿತು.’ ಪೊರೆ ಬಿಡುವುದು ಶುರುವಾದದ್ದೇ ಆಗ; ಹುಡುಗಿ ಹೇಳಿದ್ದ ಲೆಕ್ಕ ಅಲ್ಲಿಂದ. ಜೇಡ ಮಲಗಿದ್ದನ್ನೇ ಮೊದಲ ನೋವೆಂದು ಎಣಿಸಿದವಳು ತಾನು! ಅದು ಹಾಸಿಗೆ ಸೇರಿದ ಗಳಿಗೆ ಮಾತ್ರ. ಚಿಮುಟ ಇಳಿಸಿದಾಗ ನಿಜವಾಗಿ ಕಳೆದಿದ್ದುದು ಇಪ್ಪತ್ತೈದು ನಿಮಿಷ. ಸಾವಿರಾರು ಹೆರಿಗೆಗಳಲ್ಲಿ ಕೈಹಿಡಿದ ಪದ್ಧತಿಯೇ ಈ ಒಂದರಲ್ಲಿ ಕೈಕೊಟ್ಟಿತ್ತು.

“ಬಿಡೇ, ಮೊದಲೇ ಏಳೇ ಕಾಲಿತ್ತು ಅಂದ್ರಾಯ್ತು,” ಎಂದ ಗಂಡ.

“ಭೂಮಿ ಅಳೆಯೋಳಿಗೆ ಕಾಲು ಎಣಿಸೋಕೆ ಬರಲ್ವೇನ್ರೀ?”

ಮರುದಿನ ಸಂಜೆ ಹುಡುಗಿ ಬೂಟಿನ ಮಣ್ಣು ಕೊಡಹುತ್ತ ಬಂದಳು. ಅವಳು ಚೀಲ ಇಳಿಸುವುದಕ್ಕೂ ಮೊದಲೇ ಆಕೆ ಎಲ್ಲವನ್ನೂ ಹೇಳಿ ಮುಗಿಸಿದಳು. ಹುಡುಗಿ ಮೇಜಿನ ಮಟ್ಟಕ್ಕೆ ಬಗ್ಗಿ ಎಣಿಸಿದಳು.

“ಮುಟ್ಟಬೇಡ ಅಂದಿದ್ದೆ.”

“ಅಂದಿದ್ದೆ ಕಣೇ.”

ಹುಡುಗಿ ಹಾಳೆಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಕಾಲು ಕಿತ್ತು ಬಂದ ನಿಮಿಷವೂ ಅದರಲ್ಲಿತ್ತು; ಆ ಸಾಲಿನ ಮೇಲೆ ಅವಳ ಬೆರಳು ನಿಂತಿತು.

“ಇದನ್ನೂ ಬರೆದಿದ್ದೀಯಾ!”

“ಆಗಿದ್ದನ್ನ ಬರೀಲೇಬೇಕಲ್ಲ. ಆ ಕಾಲು... ಮತ್ತೆ ಬರುತ್ತಾ?”

“ಮರಿ ಅಲ್ವಾ, ಬರುತ್ತೆ. ಮುಂದಿನ ಪೊರೆಗೆ ಸಣ್ಣದಾಗಿ, ಅದರಾಚೆ ಪೊರೆಗೆ ಸರಿಯಾಗಿ. ಒಂದೊಂದಕ್ಕೆ ಎರಡು ತಿಂಗಳೋ, ಮೂರೋ.”

ಆಕೆ ಡಬ್ಬಿಯನ್ನು ಹುಡುಗಿಯ ಕಡೆಗೆ ಮೆಲ್ಲಗೆ ಸರಿಸಿದಳು. ಹುಡುಗಿ ಎತ್ತಿಕೊಳ್ಳಲಿಲ್ಲ.

“ಮೈ ಇನ್ನೂ ಹಸಿಹಸಿ. ಬಸ್ಸಿನ ಕುಲುಕಾಟ ತಡ್ಕೊಳ್ಳಲ್ಲ. ಮುಂದಿನ ಭಾನುವಾರದವರೆಗೂ ಇಲ್ಲೇ ಇರಲಿ. ತಿನ್ನೋಕೇನೂ ಹಾಕಬೇಡ, ನೀರು ಮಾತ್ರ.”

“ನನ್ನ ಹತ್ರಾನಾ?”

“ಮತ್ತೆ? ದೊಡ್ಡಪ್ಪನ ಹತ್ರ ಬಿಟ್ಟು ಹೋಗ್ಲಾ?”

ಆಕೆ ಡಬ್ಬಿಯನ್ನು ಎರಡೂ ಕೈಗಳಿಂದ ಅಲುಗದಂತೆ ಎತ್ತಿ, ಓಡಾಟವಿಲ್ಲದ ಗೋಡೆಯ ಮಗ್ಗುಲಿಗೆ ಒಯ್ದು ಇಟ್ಟಳು.