ಸಮುದ್ರದ ಬಲೆ, ಬೈರಕೂರಿನ ತೋಟ

ಶ್ರೀನಿವಾಸಪುರದ ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಇಮಾಮ್ ಸಾಬರ ಅಂಗಡಿಯಿದೆ. ಹಗ್ಗ, ಗೋಣಿಚೀಲ, ಟಾರ್ಪಾಲುಗಳ ಜೊತೆಗೆ ಅವರು ಸಮುದ್ರದ ಹಳೆಯ ಬಲೆಯನ್ನೂ ಮಾರುತ್ತಾರೆ. ನೆಲ್ಲೂರಿನ ಕಡೆಯ ಮೀನುಗಾರರು ಬಳಸಿ ಬಿಟ್ಟ ಬಲೆಗಳನ್ನು ಸಾಬರೇ ಹೋಗಿ ಕೊಂಡು ಟೆಂಪೋದಲ್ಲಿ ತುಂಬಿಕೊಂಡು ಬರುತ್ತಾರೆ. ಸುತ್ತಲಿನ ರೈತರು ಅವನ್ನು ಕೊಂಡುಹೋಗಿ ಟೊಮೆಟೊ, ಬೀನ್ಸ್ ತೋಟಗಳ ಸುತ್ತ ನವಿಲು ಬರದಂತೆ ಕಟ್ಟುತ್ತಾರೆ. ಸಾಬರ ಮಗಳು ಸಬಾ ಹೋಂವರ್ಕ್ ಬರೆದದ್ದು, ಮಧ್ಯಾಹ್ನ ನಿದ್ದೆ ಮಾಡಿದ್ದು ಎಲ್ಲ ಆ ಬಲೆಗಳ ರಾಶಿಯ ಮೇಲೆಯೇ. ಮೈಗೆಲ್ಲ ಉಪ್ಪುಮೀನಿನ ವಾಸನೆ ಎಂದು ಶಾಲೆಯಲ್ಲಿ ಗೆಳತಿಯರು ರೇಗಿಸುತ್ತಿದ್ದರು.

ಹೈಸ್ಕೂಲಿನಲ್ಲಿದ್ದಾಗ ಒಂದು ಸಂಕ್ರಾಂತಿ ರಜೆಯಲ್ಲಿ ಹಠ ಹಿಡಿದು ಅವಳೂ ಟೆಂಪೋ ಹತ್ತಿದಳು. ಮದನಪಲ್ಲಿ, ತಿರುಪತಿ ದಾಟಿ, ಬೆಳಗಾಗುವ ಹೊತ್ತಿಗೆ ಅವಳು ಮೊದಲ ಸಲ ಸಮುದ್ರ ಕಂಡಳು. ಅದೇ ದಡದಲ್ಲಿ ಒಂದು ಕಡಲಾಮೆ ಸತ್ತು ಬಿದ್ದಿತ್ತು. ಪರಾತದಷ್ಟು ಅಗಲದ ಚಿಪ್ಪು, ಕುತ್ತಿಗೆಗೆ ಬಿಗಿದುಕೊಂಡ ಬಲೆಯ ತುಂಡು. ಬಲೆ ಹೊಲಿಯುತ್ತ ಕೂತಿದ್ದ ಪೋಲಮ್ಮ ಎಂಬ ಮೀನುಗಾರ ಹೆಂಗಸು, "ಮೊಟ್ಟೆ ಇಡೋಕೆ ಬಂದಿತ್ತು, ಪಾಪ" ಎಂದು ತೆಲುಗಿನಲ್ಲಿ ಹೇಳಿದಳು. ಸಬಾಗೆ ತೆಲುಗು ಬರುತ್ತಿತ್ತು. ಅಕ್ಕಪಕ್ಕದ ಊರುಗಳವರು ಹರಿದ ಬಲೆಯನ್ನು ದೋಣಿಯಿಂದಲೇ ನೀರಿಗೆ ಎಸೆಯುತ್ತಿದ್ದರು, ಆಮೆಗಳು ಅದಕ್ಕೆ ಸಿಕ್ಕಿಕೊಳ್ಳುತ್ತಿದ್ದವು ಎಂಬುದು ಅವಳಿಗೆ ಅಂದೇ ಗೊತ್ತಾಯಿತು.

ಕೋಲಾರದಲ್ಲಿ ಬಿ.ಎಸ್ಸಿ., ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಅವಳು ಅದೇ ಕರಾವಳಿಯಲ್ಲಿ ಕಡಲಾಮೆಗಳ ಅಧ್ಯಯನಕ್ಕೆ ಸೇರಿದಳು. "ಆಮೆ ಎಣಿಸೋದೂ ಒಂದು ನೌಕರಿನಾ?" ಎಂದು ತಾಯಿ ತಾಜುನ್ನೀಸಾ ಎಲ್ಲರ ಮುಂದೆ ಗೊಣಗುತ್ತಿದ್ದರು. ಆದರೆ ಮಗಳು ಹೊರಡುವಾಗ ಡಬ್ಬಿ ತುಂಬ ಮಾವಿನಕಾಯಿ ಉಪ್ಪಿನಕಾಯಿ ಕಟ್ಟುವವರೂ ಅವರೇ. ಸಬಾ ನಸುಕಿನಲ್ಲಿ ಮರಳಿನ ಮೇಲೆ ನಡೆಯುತ್ತ ಸತ್ತ ಆಮೆಗಳನ್ನೂ ದಡಕ್ಕೆ ಬಂದ ಬಲೆಯ ತುಂಡುಗಳನ್ನೂ ಗುರುತು ಹಾಕುತ್ತಿದ್ದಳು. ಎರಡು ವರ್ಷದ ಕೆಲಸದಲ್ಲಿ ಒಂದು ಸಂಗತಿ ಕಂಡುಬಂತು. ಹಳೆ ಬಲೆ ಕೊಳ್ಳುವ ವ್ಯಾಪಾರಿಗಳು ಹೋಗುವ ಊರುಗಳ ದಡದಲ್ಲಿ ಬಲೆಯ ತುಂಡು ಕಡಿಮೆ, ಅದಕ್ಕೆ ಸಿಕ್ಕಿ ಸಾಯುವ ಆಮೆಗಳೂ ಕಡಿಮೆ. ಮಾರಬಹುದಾದ ಬಲೆಯನ್ನು ಯಾರು ತಾನೆ ನೀರಿಗೆ ಎಸೆಯುತ್ತಾರೆ? ಅದು ತಿಳಿದ ದಿನವೇ ಸಬಾ ಮನೆಗೆ ಫೋನ್ ಮಾಡಿದಳು. "ಅಬ್ಬಾ, ನಿಮ್ಮ ಟೆಂಪೋ ಆಮೆಗಳನ್ನ ಉಳಿಸ್ತಾ ಇದೆ." ಇಮಾಮ್ ಸಾಬರು ವಾರವಿಡೀ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದರು.

ಆ ವರ್ಷ ಹಬ್ಬಕ್ಕೆ ಊರಿಗೆ ಬಂದಿದ್ದಾಗ ಅವಳು ತಂದೆಯ ಜೊತೆ ಬೈರಕೂರಿಗೆ ಹೋದಳು. ಅಲ್ಲಿ ಮುನಿಗಂಗಮ್ಮ ಎಂಬ ರೈತ ಮಹಿಳೆಗೆ ಬಲೆ ಕೊಡುವುದಿತ್ತು. ಇವರು ಬಂದದ್ದು ಕಂಡು ಮುನಿಗಂಗಮ್ಮ ತೋಟದ ಮೂಲೆಯಿಂದಲೇ ಕೂಗಿದರು.

"ಇಟ್ಲ ರಾಮ್ಮಾ, ಈ ಕಡೆ ಬಾ! ಓದಿದೋಳು ನೀನು, ಇದನ್ನ ನೋಡು."

ಬೇಲಿಯ ಬುಡದಲ್ಲಿ, ನೆಲಕ್ಕೆ ಬಿದ್ದಿದ್ದ ಬಲೆಯಲ್ಲಿ ಒಂದು ಕೇರೆಹಾವು ಸಿಕ್ಕಿ ಸತ್ತಿತ್ತು. ಗಾಜಿನೆಳೆಯಂಥ ತೆಳು ದಾರ ಅದರ ಮೈಯನ್ನು ಕೊಯ್ದುಬಿಟ್ಟಿತ್ತು. ಆಚೆ ಒಂದು ಕೆಂಬೂತ ರೆಕ್ಕೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಸಬಾ ಟವೆಲ್ ಹಾಕಿ ಅದನ್ನು ಹಿಡಿದುಕೊಂಡಳು. ಇಮಾಮ್ ಸಾಬರು ಹಗ್ಗ ಕೊಯ್ಯುವ ಚಾಕು ತೆಗೆದು, ತಾವೇ ಮಾರಿದ ಬಲೆಯನ್ನು ಎಳೆಯೆಳೆಯಾಗಿ ಕತ್ತರಿಸಿದರು. ಬಿಟ್ಟ ಕೂಡಲೇ ಹಕ್ಕಿ ಕುಂಟುತ್ತ ಪೊದೆಯೊಳಗೆ ನುಗ್ಗಿತು.

"ಇದೇ ಮೊದಲಾ ಮುನಿಗಂಗಮ್ಮ?" ಎಂದು ಸಾಬರು ಕೇಳಿದರು.

"ಎಲ್ಲಿ ಮೊದಲು ಸಾಬ್ರೇ! ಕೇರೆಹಾವೆಲ್ಲ ಹೋಗಿ ಇಲಿ ಜಾಸ್ತಿಯಾಗವೆ. ನವಿಲು ಬಿಟ್ಟಿದ್ದನ್ನ ಈಗ ಇಲಿ ತಿಂತಾವೆ."

ವಾಪಸ್ಸು ಬರುವಾಗ ಟೆಂಪೋದಲ್ಲಿ ಸಬಾ ಕೇಳಿದಳು. "ಅಬ್ಬಾ, ಆ ತೆಳು ದಾರದ ಬಲೆ ತರೋದು ಬಿಟ್ಟುಬಿಡ್ತೀರಾ?"

"ನಾನು ಬಿಟ್ರೆ ಅದೆಲ್ಲಿಗೆ ಹೋಗುತ್ತೆ ಬೇಟಿ? ಸಮುದ್ರಕ್ಕೆ ತಾನೇ? ನೀನೇ ಹೇಳಿದ್ದಲ್ವಾ?"

ಅಲ್ಲಿ ಆಮೆ ಉಳಿಯುವುದಕ್ಕೆ ಇಲ್ಲಿ ಹಾವು, ಹಕ್ಕಿ ಸಾಯಬೇಕೇ ಎಂಬ ಯೋಚನೆ ಹಬ್ಬದ ಊಟದಲ್ಲೂ ಅವಳನ್ನು ಬಿಡಲಿಲ್ಲ.

ಅಧ್ಯಯನದ ಮುಖ್ಯಸ್ಥೆ ರಮ್ಯ ಮಾಲೂರಿನವರು. ಸಬಾ ಫೋನಿನಲ್ಲಿ ಎಲ್ಲ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ. "ನಮ್ಮ ಕೆಲಸ ಕಡಲಾಮೆ ಸಬಾ. ಕೋಲಾರದ ಹಾವನ್ನ ವರದಿಯಲ್ಲಿ ಎಲ್ಲಿ ಸೇರಿಸಲಿ?"

"ಬಲೆ ಒಂದೇ ಅಲ್ವಾ ಮೇಡಂ? ಅದು ಎಲ್ಲೀವರೆಗೂ ಹೋಗುತ್ತೋ ನಾವೂ ಅಲ್ಲೀವರೆಗೂ ಹೋಗಬೇಕು."

ಎರಡು ದಿನ ಬಿಟ್ಟು ರಮ್ಯ ಅವರೇ ಫೋನ್ ಮಾಡಿ, ಮೊಟ್ಟೆಯ ಕಾಲ ಶುರುವಾಗುವತನಕ ಊರಿನಲ್ಲೇ ಇದ್ದು ನೋಡು ಎಂದರು.

ಸಬಾ ಬೈರಕೂರು, ಗೌನಿಪಲ್ಲಿಗಳ ತೋಟಗಳನ್ನು ಸುತ್ತಿದಳು. ದಪ್ಪ ಹುರಿಯ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದ ಕಡೆ ಯಾವ ಜೀವವೂ ಸಿಕ್ಕಿಬಿದ್ದಿರಲಿಲ್ಲ. ತೆಳು ಬಲೆ ಸಡಿಲವಾಗಿ ನೆಲಕ್ಕೆ ಬಿದ್ದ ಕಡೆಯೇ ಸಾವು. ಹಾಗಾದರೆ ಹಾವು ಕೆಳಗೆ ಹಾಯುವಂತೆ ದಪ್ಪ ಬಲೆಯನ್ನೇ ನೆಲದಿಂದ ಒಂದು ಗೇಣು ಮೇಲೆ ಕಟ್ಟಿ ನೋಡೋಣ ಎಂದಳು. ಮುನಿಗಂಗಮ್ಮ ಒಪ್ಪಿದರು. ಮೂರನೇ ದಿನವೇ ನವಿಲಿನ ಮರಿಗಳು ಕೆಳಗಿಂದ ನುಸುಳಿ ಒಂದು ಸಾಲು ಟೊಮೆಟೊ ಕುಕ್ಕಿ ಹಾಕಿದವು.

"ನಿನ್ನ ಮಾತು ಕೇಳಿ ಕೆಟ್ಟೆ ಕಣಮ್ಮ! ಯಾವ ಕಾಲೇಜಲ್ಲಿ ಕಲಿತೆ ಇದನ್ನ?" ಎಂದು ಮುನಿಗಂಗಮ್ಮ ಬೈದರು. ಸಬಾ ತಲೆ ತಗ್ಗಿಸಿ ಕುಕ್ಕಿದ ಹಣ್ಣುಗಳನ್ನು ಆಯತೊಡಗಿದಳು. ಬೈದು ಸುಸ್ತಾದ ಮೇಲೆ ಮುನಿಗಂಗಮ್ಮನೂ ಬಗ್ಗಿ ಆಯ್ದರು. ಬಲೆಯ ಕೆಳಗಿನ ಸಂದಿಗೆ ಜಾಲಿಮುಳ್ಳು ಒತ್ತಿದರೆ ಹೇಗೆ ಎಂಬ ಮಾತು ಆಗ ಬಂತು. ಇಬ್ಬರೂ ಸೇರಿ ಮುಳ್ಳು ತಂದು ಹಾಕಿದರು. ನವಿಲು ಬರುವುದು ನಿಂತಿತು. ಹಾವು ಮುಳ್ಳಿನ ನಡುವೆ ಸರಾಗವಾಗಿ ಓಡಾಡಿತು.

ಉಳಿದವರಿಂದಲೂ ತೆಳು ಬಲೆ ಬಿಚ್ಚಿಸಲು ಇಬ್ಬರೂ ಪಂಚಾಯಿತಿ ಮುಂದೆ ಒಂದು ಸಂಜೆ ಸಭೆ ಸೇರಿಸಿದರು. ಆಂಜಿ ಎಂಬ ಬೀನ್ಸ್ ಬೆಳೆಗಾರ ಎದ್ದು ನಿಂತ. "ಹಾವು ಸತ್ರೆ ಒಳ್ಳೇದೇ ಅಲ್ವೇನಮ್ಮ?"

ಸಬಾ ಬಾಯಿ ತೆರೆಯುವ ಮೊದಲೇ ಮುನಿಗಂಗಮ್ಮ ಹೇಳಿದರು. "ಏನ್ಲಾ ಆಂಜಿ, ಹೋದ ತಿಂಗಳು ಇಲಿ ಪಾಷಾಣ ಕೇಳ್ಕೊಂಡು ನಮ್ಮನೇಗೆ ಬಂದೋನು ಯಾರ್ಲಾ?" ಎಲ್ಲರೂ ನಕ್ಕರು, ಆಂಜಿಯೂ ನಕ್ಕ. ಆ ಸಂಜೆ ಬಹಳ ಜನ ತೆಳು ಬಲೆ ಬಿಚ್ಚುತ್ತೇವೆ ಎಂದು ಒಪ್ಪಿದರು. ಕೆಲವರು ಸುಮ್ಮನೆ ಎದ್ದು ಹೋದರು.

ಬಿಚ್ಚಿದ ಬಲೆಯನ್ನೂ ಕಡಲ ದಡದಲ್ಲಿ ಉಳಿಯುವ ತೆಳು ಬಲೆಯನ್ನೂ ಏನು ಮಾಡುವುದು ಎಂಬುದು ಉಳಿಯಿತು. ರಮ್ಯ ವಿಚಾರಿಸಿದಾಗ, ಹಳೆಯ ನೈಲಾನ್ ಕರಗಿಸಿ ಅಂಗಿಯ ಗುಂಡಿ, ಬ್ರಷ್ಷು ಮಾಡುವ ಕಾರ್ಖಾನೆಯೊಂದು ಬಲೆ ಕೊಳ್ಳಲು ಮುಂದೆ ಬಂತು. ಸಬಾ ತಂದೆಯನ್ನು ಕರೆದುಕೊಂಡು ಪೋಲಮ್ಮನ ಊರಿಗೆ ಹೋದಳು. ತೆಳು ಬಲೆ ಬೇರೆ, ದಪ್ಪ ಬಲೆ ಬೇರೆ ರಾಶಿ ಹಾಕಿದರೆ ತೆಳುವಿನದನ್ನು ಕಾರ್ಖಾನೆಯ ಗಾಡಿಯೇ ಬಂದು ಒಯ್ಯುತ್ತದೆ ಎಂದಳು. ಮೀನುಗಾರರು ಅವಳ ಮುಖ ನೋಡದೆ ಇಮಾಮ್ ಸಾಬರ ಮುಖ ನೋಡಿದರು. ಇಷ್ಟು ವರ್ಷ ವ್ಯವಹಾರ ಮಾಡಿದವರು ಅವರೇ ತಾನೆ.

"ನನ್ನ ಬಲೆಗೆ ಸಿಕ್ಕಿದ ಹಕ್ಕಿನ ನಾನೇ ಬಿಡಿಸಿದೀನಿ," ಎಂದರು ಸಾಬರು. "ಅದು ಬಡ್ಕೊಳ್ತಿದ್ದಿದ್ದು ಇನ್ನೂ ಕೈಯಲ್ಲೇ ಇದೆ. ತೆಳು ಬಲೆ ಇನ್ನು ನಾನು ಮುಟ್ಟೋದಿಲ್ಲ. ನೀವೂ ನೀರಿಗೆ ಹಾಕಬೇಡಿ."

ಪೋಲಮ್ಮ ತನ್ನ ಚಪ್ಪರದ ಒಂದು ಪಕ್ಕವನ್ನು ರಾಶಿಗೆ ಬಿಟ್ಟುಕೊಟ್ಟಳು.

ಎಲ್ಲವೂ ಸರಿಹೋಗಿಲ್ಲ. ದೊಡ್ಡ ಯಾಂತ್ರಿಕ ದೋಣಿಗಳ ಬಲೆಗೆ ಸಿಕ್ಕಿ ಆಮೆಗಳು ಈಗಲೂ ಸಾಯುತ್ತವೆ. ಗೌನಿಪಲ್ಲಿಯ ಕಡೆ ಬೇರೆ ವ್ಯಾಪಾರಿಗಳ ತೆಳು ಬಲೆ ಇನ್ನೂ ಕಾಣುತ್ತದೆ. ಸಬಾ ಚಳಿಗಾಲವನ್ನು ಕಡಲ ದಡದಲ್ಲೂ ಉಳಿದ ಕಾಲವನ್ನು ತೋಟಗಳಲ್ಲೂ ಕಳೆಯುತ್ತಾಳೆ.

ಹೋದ ವರ್ಷ ಮಾವಿನ ಕಾಲದಲ್ಲಿ ಪೋಲಮ್ಮ ತಮ್ಮ ಬಲೆ ಹೋಗುವ ಊರನ್ನು ನೋಡಬೇಕೆಂದು ಬಂದಳು. ಮುನಿಗಂಗಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಒಬ್ಬರ ತೆಲುಗು ಇನ್ನೊಬ್ಬರಿಗೆ ಅರ್ಧ ಅರ್ಥವಾಗಿ, ಉಳಿದರ್ಧಕ್ಕೆ ಇಬ್ಬರೂ ನಗುತ್ತಿದ್ದರು. ಊಟವಾದ ಮೇಲೆ ಪೋಲಮ್ಮ ಎದ್ದು ಬೇಲಿಯುದ್ದಕ್ಕೂ ನಡೆದಳು. ಒಂದು ಕಡೆ ಬಲೆ ಹರಿದಿತ್ತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ದಾರ ಕೇಳಿ ಇಸಿದುಕೊಂಡು, ಅದನ್ನು ಹೊಲಿಯತೊಡಗಿದಳು.