ಮಿಲ್ಲಿನ ಅಕ್ಕ ಕೇಳಿದ ಹಾಡು

ಹೊಸ ಆಲ್ಬಂನ ಮೊದಲ ಕಾರ್ಯಕ್ರಮಕ್ಕೆಂದು ಕಳೆದ ವಾರ ಹಳೆಯ ಆಂಪ್ಲಿಫೈಯರನ್ನು ಅಟ್ಟದಿಂದ ಇಳಿಸಿದೆ. ಹಿಂದಿನ ಮುಚ್ಚಳ ಬಿಚ್ಚಿದಾಗ ಕಡಲೆಬೀಜದ ಕೆಂಪು ಸಿಪ್ಪೆ ಒಂದು ಹಿಡಿಯಷ್ಟು ಉದುರಿತು. ಮೂಗಿನ ಹತ್ತಿರ ಹಿಡಿದೆ. ಒಣಮಣ್ಣು, ಎಣ್ಣೆ, ಕಾದ ಬೆಲ್ಟು... ವೈ.ಎನ್. ಹೊಸಕೋಟೆಯ ಮಿಲ್ಲು. ಅವತ್ತಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ.

ನಮ್ಮದು ನಾಲ್ವರ ಮೆಟಲ್ ಬ್ಯಾಂಡು. ನಾನು ಮಧುಗಿರಿಯವನು, ಗಿಟಾರ್ ನುಡಿಸುತ್ತ ಹಾಡುತ್ತೇನೆ. ಅದನ್ನು ಹಾಡು ಎಂದು ಆಗ ಯಾರೂ ಒಪ್ಪುತ್ತಿರಲಿಲ್ಲ, ಅರಚುತ್ತಾನೆ ಎನ್ನುತ್ತಿದ್ದರು. ಮಧುಗಿರಿಯಲ್ಲಿ ಅಭ್ಯಾಸಕ್ಕೆಂದು ಹಿಡಿದ ಎರಡು ಬಾಡಿಗೆ ಕೋಣೆ ಬಿಡಿಸಿದರು. ಕೊರಟಗೆರೆಯಲ್ಲಿ ಕಲ್ಯಾಣ ಮಂಟಪದ ಹಿಂದೆ ಜಾಗ ಸಿಕ್ಕಿತು, ಮೂರನೇ ದಿನ ಅಡುಗೆಯವರೇ ಬಂದು ಕೈಮುಗಿದರು. ಕೊನೆಗೆ ಶಿರಾದಲ್ಲಿ ನಮ್ಮ ಸ್ಪೀಕರ್ ರಿಪೇರಿ ಮಾಡುತ್ತಿದ್ದ ಭಾಯ್ ಒಬ್ಬರು, "ಹೊಸಕೋಟೆ ತರಫ್ ಒಂದು ಕಡ್ಲೆಕಾಯಿ ಮಿಲ್ಲೈತೆ. ಸುಗ್ಗಿ ಮುಗುದ್ರೆ ಖಾಲಿ. ಹೋಗಿ ಕೇಳ್ರಿ," ಎಂದರು.

ಮಿಲ್ಲು ನಡೆಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಊರಿಗೆಲ್ಲ ಮಿಲ್ಲಿನ ಅಕ್ಕ. ಗಂಡ ತೀರಿಕೊಂಡ ಮೇಲೆ ವರ್ಷಗಟ್ಟಲೆ ಕಾಯಿ ಒಡೆಯುವ ಯಂತ್ರದ ಪಕ್ಕದಲ್ಲೇ ನಿಂತು ಅವರ ಕಿವಿ ಮುಕ್ಕಾಲುಪಾಲು ಹೋಗಿತ್ತು. ಎದುರಿಗೆ ನಿಂತು ಕೂಗಿದರಷ್ಟೇ ತಿಳಿಯುತ್ತಿತ್ತು.

"ಸದ್ದು ಜಾಸ್ತಿ ಅಕ್ಕಾ, ಪರವಾಗಿಲ್ವಾ?" ಎಂದು ಕೂಗಿದೆ.

"ನಂಗೇನು ಕೇಳಿಸ್ತದೆ ನಾಯನಾ? ಬಾರ್ಸ್ಕಳಿ ಬುಡಿ," ಎಂದು ಬೀಗದ ಕೈ ಕೊಟ್ಟರು.

ಮೊದಲ ದಿನ ನಾವು ಶುರು ಮಾಡಿ ಐದು ನಿಮಿಷವಾಗಿರಲಿಲ್ಲ, ಅಕ್ಕ ಓಡಿ ಬಂದರು. ಇಲ್ಲಿಂದಲೂ ಎತ್ತಂಗಡಿಯೇ ಅಂದುಕೊಂಡು ನಿಲ್ಲಿಸಿದೆವು. ಅವರು ಚಪ್ಪಲಿ ಕಳಚಿ ಬರಿಗಾಲಲ್ಲಿ ನೆಲದ ಮೇಲೆ ನಿಂತು, "ಯಾಕ್ ನಿಲ್ಸುದ್ರಿ? ಕಾಲಲ್ಲಿ ಬತ್ತಾ ಐತೆ ಕಣಪ್ಪಾ! ಎದೆ ತಂಕ ಬತ್ತಾ ಐತೆ!" ಎಂದರು. ಎಷ್ಟೋ ವರ್ಷದ ಮೇಲೆ ಒಂದು ಸದ್ದು ಅವರನ್ನು ಮುಟ್ಟಿತ್ತು. ಆಮೇಲೆ ಪ್ರತಿ ಭಾನುವಾರ ಉಪ್ಪುನೀರಲ್ಲಿ ಬೇಯಿಸಿದ ಕಾಯಿ ತಂದಿಟ್ಟು, ಕುರ್ಚಿ ಹಾಕಿಕೊಂಡು, ಪಾದ ಊರಿ ಕೂರುತ್ತಿದ್ದರು. ಡ್ರಮ್ಮಿನ ಲಯ ಕೊಂಚ ತಪ್ಪಿದರೂ ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. "ಎಲ್ಲೋ ಕುಂಟ್ತು ನೋಡು," ಎನ್ನುತ್ತಿದ್ದರು. ನಮ್ಮ ಮೊದಲ ಆಲ್ಬಂ ಪೂರ್ತಿ ಹುಟ್ಟಿದ್ದು ಆ ಪಾದಗಳ ಮುಂದೆ.

ಎರಡನೆಯ ಆಲ್ಬಂ ಹೊತ್ತಿಗೆ ಬೆಂಗಳೂರಿನ ಮ್ಯೂಸಿಕ್ ಕಂಪನಿಯೊಂದು, ಗದ್ದಲ ಇಳಿಸಿ, ಪ್ರೀತಿಯ ಹಾಡು ಮಾಡಿ ಎಂದಿತು. ಇಳಿಸಿದೆವು. ಕಾಲೇಜುಗಳಲ್ಲಿ ಕರೆದರು, ಹುಡುಗಿಯರು ಕೂಡ ಜೊತೆಗೆ ಹಾಡಿದರು. ನನಗೆ ನೆಲ ಕಾಣದ ಹಾಗಾಗಿತ್ತು.

ಪಾವಗಡದ ಕಾಲೇಜಿನ ಬಯಲಲ್ಲಿ ಕಾರ್ಯಕ್ರಮ. ಅಕ್ಕ ಬಸ್ಸು ಹಿಡಿದು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಚಪ್ಪಲಿ ಪಕ್ಕಕ್ಕಿಟ್ಟಿದ್ದು ವೇದಿಕೆಯಿಂದಲೇ ಕಂಡಿತು. ಮುಗಿದ ಮೇಲೆ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು ಕೇಳಿದರು:

"ಯಾವಾಗ ಶುರು ಮಾಡ್ತೀರಿ ನಾಯನಾ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ನನಗೆ ಮುಖಕ್ಕೆ ಹೊಡೆದಂತಾಯಿತು. "ಇದು ಕಿವಿ ಇರೋರಿಗೆ ಅಕ್ಕಾ! ಕಾಲಲ್ಲಿ ಕೇಳೋರಿಗಲ್ಲ!" ಎಂದೆ. ಅವರಿಗೆ ಕೇಳಿಸಬೇಕಲ್ಲ, ಕೂಗಿಯೇ ಹೇಳಿದೆ. ಬಯಲಿಗೆಲ್ಲ ಕೇಳಿಸಿತು. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೌದು ಹೌದು ಎಂಬಂತೆ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಅದಾಗಿ ನಾಲ್ಕು ವರ್ಷ. ಆ ಹಾಡುಗಳನ್ನು ನುಡಿಸುವಾಗಲೆಲ್ಲ ಮೊದಲ ಸಾಲು ನೋಡಲು ಹೆದರುತ್ತಿದ್ದೆ. ಒಂದು ದಿನ ಬ್ಯಾಂಡಿನವರಿಗೆ, ಮತ್ತೆ ಭಾರದ ಸದ್ದಿಗೇ ಹೋಗೋಣ, ಮೊದಲಿಗಿಂತ ಭಾರವಾಗಿ ಹೋಗೋಣ ಎಂದೆ. ಯಾಕೆ ಎಂದರು. ಹೇಳಲಿಲ್ಲ. ಸ್ಟುಡಿಯೋದಲ್ಲಿ ಒಂದೊಂದು ಹಾಡಿಗೂ ಚಪ್ಪಲಿ ಬಿಟ್ಟು ನೆಲಕ್ಕೆ ಕಾಲೂರಿ ನೋಡುತ್ತಿದ್ದೆ. ಸಾಲದು, ಇನ್ನೂ ಕೆಳಕ್ಕೆ ಎಂದು ಪೀಡಿಸುತ್ತಿದ್ದೆ. ಅಕ್ಕನಿಗೆ ಫೋನು ಮಾಡಲಿಲ್ಲ. ಕಿವಿ ಕೇಳದವರಿಗೆ ಎಂಥ ಫೋನು ಎಂದು ನನಗೆ ನಾನೇ ಹೇಳಿಕೊಂಡೆ. ಆಲ್ಬಂ ಮುಗಿಯಲಿ, ಒಯ್ದು ಪಾದದ ಹತ್ತಿರವೇ ಇಟ್ಟು ಕೇಳಿಸಿದರಾಯಿತು...

ಎರಡು ತಿಂಗಳ ಹಿಂದೆ ದೊಡ್ಡ ಸ್ಪೀಕರನ್ನು ಕಾರಿನಲ್ಲಿ ಹೇರಿಕೊಂಡು ಹೋದೆ. ಮಿಲ್ಲಿಗೆ ಬೀಗ. ಪಕ್ಕದ ಮನೆಯಲ್ಲಿದ್ದ ಅವರ ತಂಗಿ ಹೊರಗೆ ಬಂದು ನನ್ನ ಗುರುತು ಹಿಡಿದರು.

"ಅಕ್ಕ ಹೋಗಿ ಆರು ತಿಂಗ್ಳಾತು ಕಣಪ್ಪಾ. ಎದೆನೋವು ಅಂದ್ಲು, ತುಮಕೂರು ಮುಟ್ಲಿಲ್ಲ."

ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಒಳಗಿನಿಂದ ಅವರು ಸಣ್ಣ ಡಬ್ಬಿಯೊಂದನ್ನು ತಂದು ತೋರಿಸಿದರು. ಕಿವಿ ಮಷೀನು. "ಪಾವಗಡದಾಗೆ ನಿಮ್ ಪ್ರೋಗ್ರಾಂ ನೋಡ್ಕೊಂಡು ಬಂದ್ಲಲ್ಲ, ಮಾರ್ನೇ ವಾರ್ವೇ ಹೋಗಿ ತಂದ್ಲು. ನಾವು ಎಷ್ಟು ವರ್ಷ ಹೇಳಿದ್ರೂ ಬ್ಯಾಡ ಅಂತಿದ್ದೋಳು. ದಿನಾ ಸಂಜೆ ನಿಮ್ ಹಾಡು ಹಾಕ್ಸ್ಕೊಂಡು ಕೇಳೋಳು."

"ಯಾವ ಹಾಡು?"

"ಅದೇ, ಮೆತ್ತಗಿರೋವು. 'ಆ ಹುಡ್ಗ ಹಾಡ್ತಾನೆ ಅಂತ್ಲೇ ನಂಗೊತ್ತಿರ್ಲಿಲ್ಲ ಕಣೇ, ಬರೀ ಗುದ್ತಾನೆ ಅನ್ಕಂಡಿದ್ದೆ. ಎಷ್ಟು ಚೆಂದಾಗೈತೆ ಗಂಟ್ಲು!' ಅಂತ ನಗೋಳು. ಅದ್ರಾಗೆ ಮೊದಲ್ನೇದು ಒಂದ್ಸಲ ಹಾಡಪ್ಪಾ, ಅಕ್ಕಂಗೆ ಇಷ್ಟ."

ಇನ್ನು ಮುಂದೆ ಹಾಡುವುದೇ ಇಲ್ಲ ಎಂದು ಬಿಟ್ಟಿದ್ದ ಹಾಡು ಅದು. ಸ್ಪೀಕರು ಕಾರಿನಲ್ಲೇ ಉಳಿಯಿತು. ಬರಿ ಗಂಟಲಲ್ಲಿ ಹಾಡಿದೆ. ಎರಡನೇ ಚರಣ ನೆನಪಾಗಲಿಲ್ಲ. ಅವರ ತಂಗಿಯೇ ಪದ ಹೇಳಿಕೊಟ್ಟರು.

ಈಗ ಹೊಸ ಆಲ್ಬಂ ಹೊರಬಂದಿದೆ. ಮತ್ತೆ ಮೊದಲಿನ ಹಾಗಾದರು, ಇನ್ನೂ ಭಾರವಾಗಿದೆ ಎಂದು ಕೇಳಿದವರು ಕೊಂಡಾಡುತ್ತಿದ್ದಾರೆ. ನಾನು ಓದುತ್ತೇನೆ, ಎದ್ದು ಓಡಾಡುತ್ತೇನೆ, ಮತ್ತೆ ಕೂರುತ್ತೇನೆ. ಶನಿವಾರದ ಕಾರ್ಯಕ್ರಮದ ಪಟ್ಟಿಯಲ್ಲಿ ಆ ಮೆತ್ತನೆ ಹಾಡನ್ನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಡ್ರಮ್ಮರ್ ಸಿಟ್ಟಾಗಿದ್ದಾನೆ. ಅವನಿಗೆ ಏನೆಂದು ಹೇಳಲಿ... ಮೂರು ವರ್ಷಕ್ಕೂ ಹೆಚ್ಚು ಕಾಲ ಅಕ್ಕನಿಗೆ ಕಿವಿ ಕೇಳಿಸುತ್ತಿತ್ತು. ತಪ್ಪಾಯಿತು ಅಕ್ಕಾ ಎಂದು ಫೋನಿನಲ್ಲಿ, ಮೆಲ್ಲಗೆ ಹೇಳಿದ್ದರೂ ಸಾಕಿತ್ತು.