ಬೀದಿಯಲ್ಲಿ ಕಲ್ಲು ಆಯುತ್ತಿದ್ದವರು

ಮೊನ್ನೆ ಕ್ಷೌರದಂಗಡಿಯಲ್ಲಿ ಕತ್ತರಿಗೆ ತಲೆ ಕೊಟ್ಟು ಹಳೆಯ ವಾರಪತ್ರಿಕೆ ತಿರುವುತ್ತಿದ್ದೆ. ಒಂದು ಪುಟದಲ್ಲಿ ಮಾಸಿದ ಫೋಟೋ. ಉದ್ದನೆಯ ರನ್‌ವೇ ಮೇಲೆ ಬಿಳಿ ಟೋಪಿಯ ನಾವಿಕರು ಸಾಲಾಗಿ ಬಾಗಿ ಕಲ್ಲು ಆಯುತ್ತಿದ್ದಾರೆ. ಸಮುದ್ರದಿಂದ ದೂರವಿದ್ದ ನೌಕಾಪಡೆಯ ವಿಮಾನ ನೆಲೆಯಂತೆ. ಒಂದು ಹರಳು ಒಳಗೆ ಹೋದರೂ ಎಂಜಿನ್ ಕೆಡುತ್ತದೆಂದು ಪ್ರತಿದಿನ ಬೆಳಿಗ್ಗೆ ಹೀಗೆ ಆಯುತ್ತಿದ್ದರಂತೆ. ಆಮೇಲೆ ವಿಮಾನಗಳನ್ನು ಕರಾವಳಿಗೆ ಸಾಗಿಸಿ ನೆಲೆಯನ್ನು ಮುಚ್ಚಿಬಿಟ್ಟರಂತೆ.

ದಡಕ್ಕನೆ ತಲೆ ಎತ್ತಿದೆ.

"ಅಲ್ಲಾಡ್‌ಬ್ಯಾಡಿ ಯಜಮಾನ್ರೇ, ಕಿವಿ ಕುಯ್ದೋಯ್ತದೆ!" ಎಂದ ಕ್ಷೌರಿಕ.

ಮರಳೂರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ತಾವು ಕೆಲಸ ಮಾಡಿದ್ದು ಆ ನೆಲೆಯಲ್ಲೇ ಎನ್ನುತ್ತಿದ್ದರು. ನಿವೃತ್ತರಾಗಿ ಬಂದ ಮೇಲೂ ದಿನಾ ಬೆಳಿಗ್ಗೆ ಬೀದಿಯ ಉದ್ದಕ್ಕೂ ಬಾಗಿ ನಡೆದು ಕಲ್ಲು, ಮೊಳೆ ಆಯ್ದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಇವತ್ತು ಯಾವ ಪ್ಲೇನ್ ಇಳೀತದೆ ಸಾರ್?" ಎಂದು ನಾನು ಛೇಡಿಸುತ್ತಿದ್ದೆ.

"ಅಭ್ಯಾಸ ಕಣಯ್ಯ. ನೇವಿಯೋರು ನಾವು" ಎನ್ನುತ್ತಿದ್ದರು.

ಸಮುದ್ರದ ಪಡೆಗೆ ವಿಮಾನವೇ? ಅದೂ ಸಮುದ್ರವಿಲ್ಲದ ಊರಿನಲ್ಲಿ? ಬೀದಿಯಲ್ಲಿ ಯಾರೂ ನಂಬಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನಂತೂ...

ಅವರ ಮಗಳಿಗೆ ಸಿ.ಎಸ್. ಪುರದಿಂದ ಗಂಡು ಬಂದಿತ್ತು. ಹುಡುಗನ ಸೋದರಮಾವ, ನಮ್ಮ ಕಡೆಯ ರೂಢಿಯಂತೆ, ಮನೆತನ ವಿಚಾರಿಸಲು ನಮ್ಮ ಜಗಲಿಗೆ ಬಂದರು.

"ಪಕ್ಕದ ಮನೆಯೋರು ಹೆಂಗೆ?"

"ಒಳ್ಳೇವ್ರೇ. ಆದ್ರೆ ಯಜಮಾನ್ರಿಗೆ ತಲೆ ಸ್ವಲ್ಪ... ರೋಡ್‌ನಾಗೆ ಕಲ್ಲು ಆಯ್ತಾರೆ. ಬೆಳಿಗ್ಗೆ ಬಂದು ನೀವೇ ನೋಡಿ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಸೋದರಮಾವ ಮತ್ತೆ ಬಂದರು. ಬೀದಿಯ ತುದಿಯಲ್ಲಿ ನಿಂತು ನೋಡಿದರು. ಹೋದರು. ವಂಶದಲ್ಲೇ ಹುಚ್ಚಿದೆ ಎಂಬ ಮಾತು ಗುಬ್ಬಿ, ಕುಣಿಗಲ್ಲಿನವರೆಗೂ ಹಬ್ಬಿತು. ಆ ಹುಡುಗಿಗೆ ಮತ್ತೆ ಸಂಬಂಧ ಕೂಡಿಬರಲೇ ಇಲ್ಲ. ಕೆಲವು ವರ್ಷಗಳಲ್ಲಿ ಅವಳ ಅಪ್ಪ ತೀರಿಕೊಂಡರು.

ಫೋಟೋ ನೋಡಿದ ದಿನ ಸಂಜೆಯೇ ಆಟೋ ಹಿಡಿದು ಕ್ಯಾತ್ಸಂದ್ರಕ್ಕೆ ಹೋದೆ. ಆ ಹುಡುಗಿ ಈಗ ಅಲ್ಲೊಂದು ಹಾಸ್ಟೆಲಿನಲ್ಲಿ ವಾರ್ಡನ್. ಕೂದಲೆಲ್ಲ ನೆರೆತಿತ್ತು. ತಡವರಿಸುತ್ತ ಎಲ್ಲವನ್ನೂ ಹೇಳಿದೆ.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಪಕ್ಕದ ಮನೇಲಿ ಕೇಳಿ, ಅವನು ನಮ್ಮೋನೇ ಅಂತ ಆ ಗಂಡಿನ ಕಡೆಯೋರನ್ನ ನಿಮ್ಮತ್ರ ಕಳ್ಸಿದ್ದೇ ಅಪ್ಪ."

ನಾನು ತಲೆ ತಗ್ಗಿಸಿದೆ.

"ಅಪ್ಪಂಗೆ ತಲೆ ಸರಿಯಿಲ್ಲ ಅಂತ ನಗ್ತಾ ಹೇಳಿದ್ರಾ ಮಾಮ?"

"ಹ್ಞೂಂ ಕಣಮ್ಮ..."

ಊಟದ ಗಂಟೆ ಹೊಡೆಯಿತು. ಅವಳು ಎದ್ದು ಮಕ್ಕಳ ಕಡೆಗೆ ನಡೆದಳು. ನಾನು ಬಸ್ ಹಿಡಿದು ಮನೆಗೆ ಬಂದೆ. ಕ್ಷಮಿಸಬೇಕಾದವರು ಇಲ್ಲ. ಇರುವವಳನ್ನು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.